ಉಗುಳಿದ ಲೋಟದ ತೂಕ

ತಿಂಡಿಗೂ ಚಟ ಹತ್ತುತ್ತದೆ ಎನ್ನುವವರನ್ನು ಕಂಡರೆ ನನಗೆ ಮೊದಲಿನಿಂದ ತಾತ್ಸಾರ. ಚಟ ಎಂದರೆ ಬೀಡಿ, ಬ್ರಾಂಡಿ, ಇಸ್ಪೀಟು. ನಾಲ್ಕು ಚಿಪ್ಸ್ ತಿಂದು ಕೈ ತೊಳೆಯಲಾಗದವನು ತನ್ನ ಬಾಯಿಚಪಲಕ್ಕೆ ರೋಗದ ಹೆಸರಿಟ್ಟು ಮರ್ಯಾದೆ ಸಂಪಾದಿಸುತ್ತಾನೆ ಎಂದೇ ನಂಬಿದ್ದೆ. ನಂಬಿದ್ದಷ್ಟೇ ಅಲ್ಲ, ಹಾಗೆ ಹೇಳಿಕೊಂಡು ಓಡಾಡುತ್ತಿದ್ದೆ. ಯಲಹಂಕದಲ್ಲಿ ನಾವಿರುವ ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಿನಲ್ಲಿ ಒಮ್ಮೆ ಆಹಾರತಜ್ಞೆಯೊಬ್ಬರು ಇದೇ ವಿಷಯದ ಮೇಲೆ ಒಂದು ಗಂಟೆ ಮಾತಾಡಿದರು. ಮಾತು ಮುಗಿದ ಮೇಲೆ ಎಲ್ಲರಿಗೂ ಸಮೋಸ ಹಂಚಿದರು. ಎರಡನೆಯ ಸಮೋಸಕ್ಕೆ ಕೈ ಹಾಕಿದವರನ್ನು ಲೆಕ್ಕ ಹಾಕಿಕೊಂಡು ಮನೆಗೆ ಬಂದು ನಕ್ಕಿದ್ದೆ.

ಹೀಗೆ ನಗುತ್ತಿದ್ದವನ ಕಸುಬು ಏನೆಂದು ಹೇಳಿಬಿಡುತ್ತೇನೆ. ನಾನು ಮಸಾಲೆ ಕೂಡಿಸುವವನು. ಅಡಿಗೆಮನೆಯ ಮಸಾಲೆಯಲ್ಲ, ಪ್ಯಾಕೆಟ್ ತಿಂಡಿಯ ಮೇಲೆ ಅಂಟಿಕೊಂಡು, ತಿಂದವರ ಬೆರಳಿಗೆ ಕೆಂಪು ಬಳಿಯುವ ಪುಡಿ. ರಾಜಾನುಕುಂಟೆ ದಾಟಿ ದೊಡ್ಡಬಳ್ಳಾಪುರ ರಸ್ತೆಯಿಂದ ಒಳಗೆ ಹೋದರೆ ನಮ್ಮ ಕಾರ್ಖಾನೆ. ತಿಂಡಿ ಕಂಪನಿಗಳು ಬಂದು ಇಂಥ ರುಚಿ ಬೇಕು ಎನ್ನುತ್ತವೆ, ನಾವು ಅದನ್ನು ಮಾಡಿ ಕೊಡುತ್ತೇವೆ. ರುಚಿ ನೋಡುವ ಕೋಣೆಗೆ ನಾನೇ ಮುಖ್ಯಸ್ಥ. ಅಂತಿಮ ಮಾತು ನನ್ನ ನಾಲಿಗೆಯದು. ಇಪ್ಪತ್ತೆರಡು ವರ್ಷ ಅದೇ ನಾಲಿಗೆಯಿಂದ ಬದುಕಿದ್ದೇನೆ, ಮತ್ತು ಅದರ ಜಂಬ ನನಗೆ ಬೇಕಾದಷ್ಟಿತ್ತು.

ಹೆಬ್ಬಾಳದ ಹತ್ತಿರದ ಕಣ್ಣಿನ ಆಸ್ಪತ್ರೆಗೆ ಹೋದದ್ದು ಕನ್ನಡಕ ಬದಲಿಸುವುದಕ್ಕೆ. ಡಾಕ್ಟರಮ್ಮ ಕಣ್ಣಿಗೆ ಔಷಧಿ ಬಿಟ್ಟು, ಅರ್ಧ ಗಂಟೆ ಕೂರಿಸಿ, ಬೆಳಕು ಹಾಯಿಸಿ ನೋಡಿದರು. ಆಮೇಲೆ ಕನ್ನಡಕದ ಮಾತೇ ಎತ್ತಲಿಲ್ಲ.

"ಶುಗರ್ ಎಷ್ಟು ವರ್ಷದಿಂದ ಇದೆ?"

"ಆರು. ಮಾತ್ರೆ ತಗೋತಾ ಇದೀನಿ."

"ಎಡಗಣ್ಣಿನ ಹಿಂದಿನ ಪರದೆ ಮೇಲೆ ರಕ್ತ ಒಸರ್ತಾ ಇದೆ. ಮೂರು ತಿಂಗಳು ಟೈಮ್ ಕೊಡ್ತೀನಿ, ಶುಗರ್ ಇಳಿಸ್ಕೊಂಡು ಬನ್ನಿ. ಇಳೀದೆ ಇದ್ರೆ ಈ ಕಣ್ಣು ನನ್ನ ಕೈಲೂ ಇರಲ್ಲ. ಕರಿದದ್ದು, ಪ್ಯಾಕೆಟ್ ತಿಂಡಿ, ಒಂದೂ ಬಾಯಿಗೆ ಹಾಕ್ಬೇಡಿ."

ಆಗಲಿ ಎಂದೆ. ಪ್ಯಾಕೆಟ್ ತಿಂಡಿ ಬಾಯಿಗೆ ಹಾಕುವುದೇ ನನ್ನ ಉದ್ಯೋಗ ಎಂದು ಅವರಿಗೆ ಹೇಳಲಿಲ್ಲ. ಮ್ಯಾನೇಜರಿಗೂ ಹೇಳಲಿಲ್ಲ. ಹೇಳಿದರೆ ಆ ಕುರ್ಚಿ ಹೋಗುತ್ತಿತ್ತು.

ಅದೇ ವಾರ ದೊಡ್ಡ ಆರ್ಡರ್ ಬಂತು. ತಿಂಡಿ ಕಂಪನಿಯೊಂದರ ಮಾರುಕಟ್ಟೆ ಮನುಷ್ಯ ಬಿಳಿ ಶೂ ಹಾಕಿಕೊಂಡು ಬಂದು, ಮಸಾಲೆ ಇಲ್ಲದ ಜೋಳದ ಬಳೆಗಳನ್ನು ನನ್ನ ಮೇಜಿನ ಮೇಲೆ ಸುರಿದ. ಸಣ್ಣ ಬೆರಳಿಗೆ ಹಾಕಿಕೊಂಡು ಮಕ್ಕಳು ತಿನ್ನುವಂಥ ಬಳೆಗಳು.

"ಟೊಮ್ಯಾಟೊ ಬೇಕು ಸರ್, ಖಾರ ಬೇಕು, ಹುಳಿ ಬೇಕು. ಅವೆಲ್ಲ ನಿಮಗೆ ಬಿಟ್ಟಿದ್ದು. ನಂದೊಂದೇ ಕಂಡೀಷನ್. ಒಂದು ತಿಂದೋನು ಪ್ಯಾಕೆಟ್ ಖಾಲಿ ಮಾಡ್ದೆ ಏಳ್ಬಾರ್ದು."

"ಎದ್ದರೆ?"

"ಎದ್ರೆ ನಾವು ಫೇಲ್ ಸರ್," ಎಂದು ನಕ್ಕ. ಮಾತಾಡುವಾಗಲೇ ಮಸಾಲೆಯಿಲ್ಲದ ಆ ಸಪ್ಪೆ ಬಳೆಗಳನ್ನೂ ಒಂದೊಂದಾಗಿ ಬಾಯಿಗೆ ಹಾಕಿಕೊಳ್ಳುತ್ತಿದ್ದ. ಇಂಥವರಿಂದಲೇ ನಮ್ಮ ಹೊಟ್ಟೆ ತುಂಬುವುದು ಎಂದುಕೊಂಡೆ.

ಅವನು ಕೇಳಿದ್ದನ್ನು ಮಾಡುವುದು ಹೇಗೆಂದು ನನಗೆ ಗೊತ್ತಿತ್ತು. ಉಪ್ಪನ್ನು ಮುಖಕ್ಕೆ ಹಚ್ಚುವ ಪೌಡರಿನಷ್ಟು ನುಣ್ಣಗೆ ಬೀಸಿದರೆ ನಾಲಿಗೆ ಮುಟ್ಟಿದ ಕೂಡಲೇ ಕರಗುತ್ತದೆ. ಹುಳಿಯ ಹರಳಿಗೆ ಕೊಬ್ಬಿನ ತೆಳು ಪದರ ಕೊಟ್ಟರೆ ಅದು ಉಪ್ಪಿನ ಹಿಂದೆ ಸ್ವಲ್ಪ ತಡವಾಗಿ ಬರುತ್ತದೆ. ಖಾರ ಕೊನೆಗೆ. ಬಳೆ ಬಾಯಲ್ಲಿ ಮುಗಿಯುವ ಹೊತ್ತಿಗೆ ಉಪ್ಪು ಹೋಗಿರುತ್ತದೆ, ಖಾರ ಮಾತ್ರ ಉಳಿದಿರುತ್ತದೆ, ಅದನ್ನು ಆರಿಸಲು ಇನ್ನೊಂದು ಬಳೆ ಬೇಕೆನಿಸುತ್ತದೆ. ಟೊಮ್ಯಾಟೊ ಪುಡಿ, ಬೆಳ್ಳುಳ್ಳಿ ಪುಡಿ, ಸಕ್ಕರೆ ಇವೆಲ್ಲ ಆ ಮೂವರ ಮೆರವಣಿಗೆಗೆ ಬಾಜಾಬಜಂತ್ರಿ. ಯಾವುದು ಎಷ್ಟು, ಯಾವುದರ ಹಿಂದೆ ಯಾವುದು ಎನ್ನುವುದೇ ಕೆಲಸ. ಒಂದೊಂದು ಅಳತೆಗೂ ಬೇರೆ ಬೇರೆ ಕೂಡಿಕೆ, ಒಂದೊಂದು ಕೂಡಿಕೆಗೂ ನಂಬರು. ತಿರುಗುವ ಡ್ರಮ್ಮಿನಲ್ಲಿ ಬಳೆ ಹಾಕಿ, ಎಣ್ಣೆ ಸಿಂಪಡಿಸಿ, ಪುಡಿ ಉದುರಿಸಿ, ಹತ್ತು ಗ್ರಾಂ ತೂಗಿ ತಟ್ಟೆಗೆ ಹಾಕುವುದು. ತಿಂದು ನೋಡುವುದು. ಮತ್ತೆ ಕೂಡಿಸುವುದು. ದಿನಕ್ಕೆ ಹನ್ನೆರಡು ನಂಬರು ನನ್ನ ಬಾಯಿಂದ ಹಾದುಹೋಗಬೇಕಿತ್ತು.

ಕಣ್ಣಿಗೆ ನಾನು ಕಂಡುಕೊಂಡ ಉಪಾಯ ಸರಳವಾಗಿತ್ತು. ರುಚಿ ನೋಡುವವರು ನುಂಗಬಾರದು ಎಂಬ ನಿಯಮ ನಮ್ಮಲ್ಲಿ ಮೊದಲೇ ಇತ್ತು. ಹದಿನೈದು ಸಲ ಅಗಿದು, ಮುಚ್ಚಳದ ಲೋಟಕ್ಕೆ ಉಗುಳಬೇಕು. ಉಗುರುಬೆಚ್ಚಗಿನ ನೀರಿನಲ್ಲಿ ಬಾಯಿ ಮುಕ್ಕಳಿಸಿ, ಆ ನೀರನ್ನು ಸಿಂಕಿಗೆ ಬಿಡಬೇಕು, ಲೋಟಕ್ಕಲ್ಲ. ಉಪ್ಪಿಲ್ಲದ ಕಡಲೆಪುರಿ ನಾಲ್ಕು ಕಾಳು ಅಗಿದು ಉಗುಳಿ, ಒಂದೂವರೆ ನಿಮಿಷ ಸುಮ್ಮನಿದ್ದು, ಮುಂದಿನ ತಟ್ಟೆ. ಇಷ್ಟು ವರ್ಷ ಈ ನಿಯಮ ಬೇರೆಯವರಿಗೆ, ನನಗಲ್ಲ ಎಂದಿದ್ದವನು ಆ ಸೋಮವಾರದಿಂದ ನಾನೂ ಪಾಲಿಸತೊಡಗಿದೆ. ಉಗುಳಿದ ಮೇಲೆ ಸಕ್ಕರೆ ಕಾಯಿಲೆಗೇನು ಕೆಲಸ? ಡಾಕ್ಟರಮ್ಮನ ಕಣ್ಣಿಗೂ ಮಣ್ಣು, ಮ್ಯಾನೇಜರನ ಕಣ್ಣಿಗೂ ಮಣ್ಣು, ನನ್ನ ಕಣ್ಣು ಕ್ಷೇಮ ಎಂದು ಒಳಗೊಳಗೇ ಬೀಗಿದೆ.

ನನ್ನ ಬಾಯಿ ದಾಟಿದ ನಂಬರುಗಳು ಬೆಳಿಗ್ಗೆ ಹನ್ನೊಂದಕ್ಕೆ ಎಂಟು ಹೆಂಗಸರ ಮುಂದೆ ಹೋಗುತ್ತಿದ್ದವು. ಸುತ್ತಲಿನ ಊರು, ಬಡಾವಣೆಗಳಿಂದ ಆರಿಸಿ ನಾವೇ ತರಬೇತಿ ಕೊಟ್ಟವರು. ಪುಡಿಯ ಬಣ್ಣ ಗೊತ್ತಾಗದಂತೆ ಕೆಂಪು ದೀಪ ಹಾಕಿದ ಸಣ್ಣ ಗೂಡುಗಳಲ್ಲಿ ಒಬ್ಬೊಬ್ಬರೇ ಕೂತು, ಒಬ್ಬರ ಮುಖ ಒಬ್ಬರಿಗೆ ಕಾಣದ ಹಾಗೆ ರುಚಿ ನೋಡಿ, ಚೀಟಿಯಲ್ಲಿ ಗುರುತು ಹಾಕುತ್ತಾರೆ. ಅವರಲ್ಲಿ ರಾಜಾನುಕುಂಟೆಯ ಹಳೇ ಒಕ್ಕಲು ಮನೆಯ ಹೆಂಗಸೊಬ್ಬರಿದ್ದರು. ಐವತ್ತೈದರ ವಯಸ್ಸು. ಹೊಲವೆಲ್ಲ ಸೈಟಾಗಿ, ಮೂರಂತಸ್ತಿನ ಮನೆ ಎದ್ದು, ಕೈಗೆ ಕೆಲಸವಿಲ್ಲದೆ ಬೇಜಾರು ಕಳೆಯಲು ಬರುತ್ತಿದ್ದವರು. ಮೆಣಸಿನಪುಡಿಯ ಮೂಟೆ ಬದಲಾದರೆ ಒಂದೇ ಬಳೆಯಲ್ಲಿ ಹಿಡಿದುಬಿಡುತ್ತಿದ್ದರು. ಅವರ ನಾಲಿಗೆ ನನ್ನದಕ್ಕಿಂತ ಚುರುಕೇನೋ ಎಂಬ ಅನುಮಾನ ನನಗೆ ಎರಡು ವರ್ಷದಿಂದ ಇತ್ತು, ಅದಕ್ಕೇ ಅವರನ್ನು ಕಂಡರೆ ನನಗೆ ಅಷ್ಟಕ್ಕಷ್ಟೇ.

ಮೊದಲ ತಿಂಗಳು ಕೆಲಸ ಸರಾಗವಾಗಿ ಸಾಗಿತು. ಎರಡನೆಯ ತಿಂಗಳು ತಗಾದೆ ಶುರುವಾಯಿತು. ನನಗೆ ಸಪ್ಪೆ ಎನಿಸಿದ ನಂಬರುಗಳು ಅವರಿಗೆ ಹಿಡಿಸುತ್ತಿದ್ದವು. ನಾನು ಮೆಚ್ಚಿ ಕಳಿಸಿದ್ದಕ್ಕೆ ಎಂಟರಲ್ಲಿ ಆರು ಚೀಟಿಗಳ ಮೇಲೆ 'ಉಪ್ಪು ಜಾಸ್ತಿ' ಎಂದು ಗುರುತು ಬೀಳುತ್ತಿತ್ತು. 'ತಂಡಕ್ಕೆ ತರಬೇತಿ ಸಾಲದು' ಎಂದು ವರದಿಯಲ್ಲಿ ಬರೆದೆ. ಅವರು ನುಂಗುತ್ತಿರಬೇಕು, ನುಂಗಿ ನುಂಗಿ ನಾಲ್ಕನೆಯ ತಟ್ಟೆಯ ಹೊತ್ತಿಗೆ ನಾಲಿಗೆ ಕೆಟ್ಟಿರಬೇಕು ಎಂದು ನನ್ನಷ್ಟಕ್ಕೆ ತೀರ್ಮಾನಿಸಿದೆ. ತಾನು ಕಳ್ಳ, ಪರರ ನಂಬ ಎನ್ನುವ ಗಾದೆ ಆಗ ನನಗೆ ನೆನಪಾಗಲಿಲ್ಲ.

ಕಳ್ಳರನ್ನು ಹಿಡಿಯಲು ಲೋಟಗಳನ್ನು ತೂಗಿಸಿದೆ. ದಿನದ ಮೊದಲ ತಟ್ಟೆಗೆ ಒಬ್ಬೊಬ್ಬರಿಗೆ ಒಂದೊಂದು ಲೋಟ, ಖಾಲಿ ಲೋಟದ ತೂಕ ಮೊದಲೇ ಬರೆದಿಟ್ಟುಕೊಂಡು, ಉಗುಳಿದ ಮೇಲೆ ಮತ್ತೆ ತೂಗುವುದು. ಹತ್ತು ಗ್ರಾಂ ಕೊಟ್ಟರೆ ಹತ್ತು ಗ್ರಾಂ ವಾಪಸು ಬರಬೇಕು. ಎಂಜಲಿನ ತೂಕ ಸೇರಿದರೂ ಎಷ್ಟಾದೀತು, ಒಂದು ಗ್ರಾಂ. ನನ್ನ ಲೋಟವನ್ನೂ ಅದೇ ಸಾಲಿನಲ್ಲಿಟ್ಟೆ, ಪ್ರಾಮಾಣಿಕತೆಗೆ ಮಾದರಿ ಬೇಕಲ್ಲ. ತೂಗಿದವರು ಲ್ಯಾಬಿನ ಮೇಡಂ. ಆರ್.ಟಿ. ನಗರದಿಂದ ಎರಡು ಬಸ್ಸು ಬದಲಿಸಿ ಬರುವ, ಮನೆಯಲ್ಲಿ ದಖ್ಖನಿ ಉರ್ದು, ನಮ್ಮ ಜೊತೆ ಅಚ್ಚುಕಟ್ಟಾದ ಕನ್ನಡ ಆಡುವ, ಮಾತು ಕಮ್ಮಿಯ ಹೆಂಗಸು. ಐದು ದಿನದ ಅಂಕಿ ತಂದು ಮೇಜಿನ ಮೇಲಿಟ್ಟರು. ನನ್ನ ಲೋಟ ದಿನವೂ ಹತ್ತು ಗ್ರಾಂ ಆಸುಪಾಸು. ಉಳಿದವರದು ಹದಿನಾರು, ಹದಿನೇಳು. ಒಕ್ಕಲು ಮನೆಯವರದು ಹದಿನೆಂಟು.

"ಸಾರ್, ಈ ನಂಬರ್ ಇನ್ನೊಂದ್ಸಲ ನೋಡೋಣ," ಎಂದರು ಮೇಡಂ.

"ನೋಡೋದೇನಿದೆ? ನುಂಗಿ, ಸಿಕ್ಕಿಬೀಳಬಾರದು ಅಂತ ನೀರು ತುಂಬಿಸಿದಾರೆ. ಅದೂ ಲೆಕ್ಕ ತಪ್ಪಿ ಜಾಸ್ತಿ ತುಂಬಿಸಿದಾರೆ."

ಮೇಡಂ ಏನೋ ಹೇಳಲು ಬಾಯಿ ತೆರೆದರು. ನಾನು ಆಗಲೇ ಎದ್ದಿದ್ದೆ.

ಹನ್ನೊಂದು ಗಂಟೆಗೆ ಎಂಟೂ ಜನ ಸೇರಿದಾಗ, ಹದಿನೆಂಟು ಗ್ರಾಮಿನ ಲೋಟವನ್ನು ಎತ್ತಿ ಹಿಡಿದು ಒಕ್ಕಲು ಮನೆಯವರ ಕಡೆ ತಿರುಗಿದೆ.

"ಮಂತ್ರಕ್ಕಿಂತ ಉಗುಳೇ ಜಾಸ್ತಿ ಆಯ್ತಲ್ಲಮ್ಮ."

"ಏನ್ ಸಾ ಅಂಗಂದ್ರೆ?"

"ತಿಂಡಿ ಹೊಟ್ಟೆಗೆ, ನೀರು ಲೋಟಕ್ಕೆ. ಗೊತ್ತಾಗಲ್ಲ ಅನ್ಕೊಂಡ್ರಾ?"

ಅವರು ಒಂದು ಗಳಿಗೆ ಲೋಟವನ್ನೂ ನನ್ನ ಮುಖವನ್ನೂ ನೋಡಿದರು. ಆಮೇಲೆ ತಲೆಗೆ ಕಟ್ಟಿದ್ದ ಬಲೆಟೋಪಿ ಬಿಚ್ಚಿದರು.

"ನಮ್ ಮನೇಲಿ ಉಣ್ಣಕ್ಕೆ ಐತೆ ಸಾ. ನಿಮ್ ಪುಡಿ ಕದ್ದು ತಿನ್ನೋ ಗತಿ ಬಂದಿಲ್ಲ. ನಾನ್ ಓಯ್ತೀನಿ."

ಹೋದರು. ಉಳಿದ ಏಳು ಜನ ನೆಲ ನೋಡುತ್ತ ಕೂತರು. ನನಗೆ ನಾಚಿಕೆಯಾಗಲಿಲ್ಲ, ಹಗುರವಾಯಿತು. ಎಂಟೂ ಜನರ ಚೀಟಿಗಳನ್ನು ಲೆಕ್ಕದಿಂದ ತೆಗೆದುಹಾಕಿದ ಮೇಲೆ ನನ್ನ ಮೂವತ್ತೊಂದನೆಯ ನಂಬರು ಮೊದಲ ಸ್ಥಾನಕ್ಕೆ ಬಂತು. ಅದು ನನಗೆ ಎಂಥ ಇಷ್ಟವಾಗಿತ್ತೆಂದರೆ ಕೆಲಸವಿಲ್ಲದಾಗಲೂ ಒಂದು ಸಲ ನೋಡೋಣ ಎಂದು ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದೆ. ಪರೀಕ್ಷೆ ತಾನೇ, ಅದಕ್ಕೆ ಲೋಟದ ಅಗತ್ಯವಿರಲಿಲ್ಲ. ಸಂಜೆ ಕಾರು ಓಡಿಸುವಾಗ ಗೇರಿನ ಪಕ್ಕದಲ್ಲೊಂದು ಪೊಟ್ಟಣ. ಅದೂ ಪರೀಕ್ಷೆಯೇ. ಪ್ಯಾಕೆಟ್ ಮಾಡಿದ ಮೇಲೆ ಎಷ್ಟು ದಿನ ಗರಿಗರಿ ಇರುತ್ತದೆ ಎಂದು ಯಾರಾದರೂ ನೋಡಬೇಕಲ್ಲ.

ಆ ಶನಿವಾರ ರಕ್ತ ಕೊಟ್ಟೆ. ಗಡುವಿಗೆ ಇನ್ನೂ ಒಂದು ತಿಂಗಳಿದ್ದರೂ ನನ್ನ ಜಾಣತನದ ಫಲ ಎಷ್ಟಾಗಿದೆ ನೋಡುವ ಆತುರ. ಸಕ್ಕರೆ ಇಳಿದಿರಲಿಲ್ಲ. ಏರಿತ್ತು. ಮೊದಲು ರಕ್ತ ತೆಗೆದ ಲ್ಯಾಬನ್ನು ಬೈದೆ, ಆಮೇಲೆ ಮಾತ್ರೆಯನ್ನು, ಆಮೇಲೆ ಮನೆಯಲ್ಲಿ ಅನ್ನ ಬಡಿಸಿದ ಹೆಂಡತಿಯನ್ನು. ಕುಣಿಯಲಾರದವಳಿಗೆ ನೆಲ ಡೊಂಕು ಎಂದಂತೆ, ನನ್ನ ಬಾಯೊಂದನ್ನು ಬಿಟ್ಟು ಎಲ್ಲವೂ ಡೊಂಕಾಗಿತ್ತು. ಅದೇ ದಿನ ಎಡಗಣ್ಣಿನ ಮುಂದೆ ಸಣ್ಣ ಕಪ್ಪು ಎಳೆಯೊಂದು ತೇಲತೊಡಗಿತು. ಕಣ್ಣು ಹೊರಳಿಸಿದರೆ ಅದೂ ಹೊರಳುತ್ತಿತ್ತು. ಆಗ ನಿಜವಾಗಿ ಹೆದರಿಕೆಯಾಯಿತು.

ಸೋಮವಾರ ಬೆಳಿಗ್ಗೆ ಲ್ಯಾಬಿನ ಮೇಡಂ ಬಿಸಿಗಾಳಿಯ ಒವನ್ನಿನ ಮುಂದೆ ನನಗಾಗಿ ಕಾದಿದ್ದರು. ಒಂಬತ್ತು ಸಣ್ಣ ಅಲ್ಯೂಮಿನಿಯಂ ತಟ್ಟೆಗಳು ಸಾಲಾಗಿದ್ದವು.

"ಸಾರ್, ಶುಕ್ರವಾರದ ಲೋಟಗಳನ್ನ ಒಣಗಿಸಿದೀನಿ. ನೀರೆಲ್ಲ ಹೋಗಿ ಬರೀ ತಿಂಡಿ ಉಳಿದಿದೆ. ನೀವು ಬೈದ್ರೂ ಪರವಾಗಿಲ್ಲ, ಇದನ್ನ ನೋಡಿ."

ಏಳು ಜನರ ತಟ್ಟೆಗಳಲ್ಲಿ ಒಂಬತ್ತು ಗ್ರಾಂ, ಒಂಬತ್ತಕ್ಕೆ ಸ್ವಲ್ಪ ಕಮ್ಮಿ. ಒಕ್ಕಲು ಮನೆಯವರ ತಟ್ಟೆಯಲ್ಲಿ ಒಂಬತ್ತೂವರೆ, ಎಲ್ಲರಿಗಿಂತ ಹೆಚ್ಚು. ಕೊನೆಯ ತಟ್ಟೆಯಲ್ಲಿ ನಾಲ್ಕು.

"ಒಣ ಬಳೆ ಅಗಿದ್ರೆ ಬಾಯಲ್ಲಿ ಎಷ್ಟು ಜೊಲ್ಲು ಬರತ್ತೆ ಸಾರ್, ಅದೂ ಹುಳಿ ಇದ್ರೆ. ಹತ್ತು ಗ್ರಾಂ ಉಗುಳಿದ್ರೆ ಲೋಟ ಹದಿನೇಳು ಹದಿನೆಂಟು ಬರಲೇಬೇಕು. ಹತ್ತಕ್ಕೆ ಹತ್ತು ಬಂದ್ರೆ, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಒಳಗಡೆ ಹೋಗಿದೆ ಅಂತ."

ಕೊನೆಯ ತಟ್ಟೆ ಯಾರದೆಂದು ಅವರು ಹೇಳಲಿಲ್ಲ. ಅಷ್ಟು ಮರ್ಯಾದೆ ಉಳಿಸಿದರು. ಮೆಣಸಿನಪುಡಿಯನ್ನು ಇದೇ ಒವನ್ನಿನಲ್ಲಿ ಒಣಗಿಸಿ ತೇವಾಂಶ ನೋಡದೆ ಒಂದು ಮೂಟೆಯನ್ನೂ ಗೋಡೌನಿನ ಒಳಗೆ ಬಿಡದವನು ನಾನು. ಕಸುಬಿಗೆ ಸೇರಿದ ಮೊದಲ ವರ್ಷದ ಹುಡುಗರಿಗೆ ಇದನ್ನು ಕಲಿಸುವವನೂ ನಾನೇ. ಬಾಯಿಗೂ ತೇವಾಂಶ ಇದೆ ಎನ್ನುವುದು ನನಗೊಬ್ಬನಿಗೆ ಹೊಳೆಯಲಿಲ್ಲ. ಹೊಳೆಯಬಾರದು ಎಂದು ಯಾವುದೋ ಒಳಗಿನಿಂದ ನೋಡಿಕೊಂಡಿತ್ತು.

"ಸುಳ್ಳು," ಎಂದೆ. "ನಾನು ಉಗುಳಿದೀನಿ. ನನಗೆ ಗೊತ್ತಿದೆ."

"ಸರಿ ಸಾರ್. ಈಗ ಒಂದ್ಸಲ ಮಾಡಿ ನೋಡೋಣ. ನಾನು ಇಲ್ಲೇ ನಿಂತ್ಕೋತೀನಿ."

ಹತ್ತು ಗ್ರಾಂ ತೂಗಿ ಇಟ್ಟರು. ಮೂವತ್ತೊಂದನೆಯ ನಂಬರು. ಹದಿನಾಲ್ಕು ಬಳೆಗಳಿದ್ದವು. ಮೊದಲನೆಯದನ್ನು ಹದಿನೈದು ಸಲ ಅಗಿದು ಉಗುಳಿ, ಅವರ ಮುಖ ನೋಡಿದೆ. ಎರಡನೆಯದನ್ನೂ ಉಗುಳಿದೆ. ಮೂರನೆಯದರಲ್ಲಿ ಎಂಟರ ತನಕ ಎಣಿಸಿದ ನೆನಪಿದೆ. ಒಂಬತ್ತಕ್ಕೆ ಬಾಯಿ ಖಾಲಿಯಾಗಿತ್ತು. ನುಂಗಬೇಕು ಎಂದುಕೊಂಡಿರಲಿಲ್ಲ, ನುಂಗಿದೆ ಎಂದು ಗೊತ್ತಾಗಲೂ ಇಲ್ಲ. ನಾಲ್ಕನೆಯದಕ್ಕೆ ತುಟಿ ಬಿಗಿದು, ಗಂಟಲ ಮೇಲೆ ಕೈಯಿಟ್ಟುಕೊಂಡು ಅಗಿದೆ. ಗಂಟಲು ಕೈಯ ಕೆಳಗೇ ಏರಿ ಇಳಿಯಿತು. ಐದನೆಯದಕ್ಕೆ ಎಡಗೈ ತಾನಾಗಿ ತಟ್ಟೆಗೆ ಹೋಗಿ ಎರಡು ಬಳೆ ಒಟ್ಟಿಗೆ ಎತ್ತಿತ್ತು. ನನ್ನ ಐವತ್ತು ವರ್ಷದ ಬದುಕಿನಲ್ಲಿ ನನ್ನ ಕೈಯನ್ನು ಪರರ ಕೈ ನೋಡಿದ ಹಾಗೆ ನೋಡಿದ್ದು ಅದೇ ಮೊದಲು. ಮೇಡಂ ತಟ್ಟೆಯನ್ನು ಹಿಂದಕ್ಕೆ ಎಳೆದುಕೊಂಡರು. ತಟ್ಟೆ ದೂರ ಹೋದದ್ದಕ್ಕೆ ನನಗೆ ಸಿಟ್ಟು ಬಂತು, ನೆತ್ತಿಗೇರುವಷ್ಟು ಸಿಟ್ಟು. ಆ ಸಿಟ್ಟನ್ನು ಕಂಡಾಗ ಮಾತ್ರ ಚಟ ಎಂಬ ಪದ ನನಗೆ ಒಪ್ಪಿಗೆಯಾಯಿತು.

ಸಪ್ಪೆ ಬಳೆಗಳ ಮೇಲೆ ಕೈ ಆಡಿಸುತ್ತಿದ್ದ ಬಿಳಿ ಶೂನವನನ್ನು ನಾನು ಎಷ್ಟು ಹೀನಾಯವಾಗಿ ನೋಡಿದ್ದೆ. ಕ್ಲಬ್‌ಹೌಸಿನ ಎರಡನೆಯ ಸಮೋಸದವರನ್ನು ನೋಡಿ ನಕ್ಕಿದ್ದೆ. ಅವರೆಲ್ಲರ ತಾತ ನಾನು.

ಭಾನುವಾರ ರಾಜಾನುಕುಂಟೆಗೆ ಹೋದೆ. ಒಕ್ಕಲು ಮನೆಯವರು ಜಗಲಿಯ ಮೇಲೆ ಒಂದು ರಾಶಿ ಅವರೆಕಾಯಿ ಹಾಕಿಕೊಂಡು ಸುಲಿಯುತ್ತಿದ್ದರು. ಬನ್ನಿ ಎನ್ನಲಿಲ್ಲ, ಹೋಗಿ ಎಂದೂ ಅನ್ನಲಿಲ್ಲ.

"ಕೂತ್ಕಳಿ. ಸುಮ್ಕೆ ಕೂರಬ್ಯಾಡಿ, ಕಾಯಿ ಸುಲೀರಿ."

ಸುಲಿಯುತ್ತ ಎಲ್ಲವನ್ನೂ ಹೇಳಿದೆ. ಒವನ್ನು, ನಾಲ್ಕು ಗ್ರಾಂ, ಕಣ್ಣು, ಕಾರಿನೊಳಗಿನ ಪೊಟ್ಟಣ. ಹೆಂಡತಿಗೂ ಹೇಳದ್ದನ್ನು ಅವರಿಗೆ ಹೇಳಿದೆ. ತಪ್ಪಾಯಿತು, ವಾಪಸು ಬನ್ನಿ ಎಂದೆ. ಅವರು ಸಿಪ್ಪೆಯನ್ನು ಮೊರದ ಆಚೆ ತಳ್ಳಿದರು.

"ಅವತ್ತು ಏಳು ಜನದ್ ಮುಂದೆ ಲೋಟ ಎತ್ತಿ ತೋರ್ಸುದ್ರಿ. ಇವತ್ತು ಜಗಲೀಲಿ ಕುಂತು ಒಬ್ಳಿಗೆ ಏಳ್ತಾ ಇದೀರ. ಇದ್ಯಾವ್ ನ್ಯಾಯ ಸಾ?"

ನ್ಯಾಯವಲ್ಲ ಎಂದೆ.

"ಅಂಗಾದ್ರೆ ಎಲ್ಲಿ ಕಳೀತೋ ಅಲ್ಲೇ ಉಡುಕಿ. ಅಲ್ಲೇ ಏಳಿ. ಬತ್ತೀನಿ."

ಎಲ್ಲರ ಮುಂದೆ ಹೇಳುವುದೆಂದರೆ ಮ್ಯಾನೇಜರ್ ಮುಂದೆಯೂ ಹೇಳಿದಂತೆ. ಅಂದರೆ ಕುರ್ಚಿ ಬಿಡುವುದು. ಇಪ್ಪತ್ತೆರಡು ವರ್ಷದ ನಾಲಿಗೆಯನ್ನು ಒಂದು ಕಣ್ಣಿಗೆ ಬಿಟ್ಟುಕೊಡಬೇಕಾಗಿತ್ತು. ಎರಡು ದಿನ ಲೆಕ್ಕ ಹಾಕಿದೆ. ಲೆಕ್ಕ ಹಾಕುವಾಗಲೂ ಬಾಯಿ ಏನನ್ನೋ ಅಗಿಯಲು ಹುಡುಕುತ್ತಿತ್ತು. ಅದನ್ನು ಕಂಡೇ ತೀರ್ಮಾನ ಮಾಡಿದೆ.

ಬುಧವಾರ ಆ ಬಿಳಿ ಶೂನವನು ಕೊನೆಯ ಆಯ್ಕೆಗೆ ಬಂದ. ಮ್ಯಾನೇಜರ್ ಇದ್ದರು, ನಾನು ಹೇಳಿಕಳಿಸಿದ್ದಕ್ಕೆ ಒಕ್ಕಲು ಮನೆಯವರೂ ಬಂದು ಎಂಟೂ ಹೆಂಗಸರಿದ್ದರು. ನಾನು ಎದ್ದು ನಿಂತು, ಲೋಟಕ್ಕೆ ನೀರು ತುಂಬಿಸಿದರು ಎಂದು ಈ ಅಮ್ಮನ ಮೇಲೆ ಹೊರಿಸಿದ್ದು ಸುಳ್ಳು, ನುಂಗುತ್ತಿದ್ದವನು ನಾನು ಎಂದೆ. ಸಕ್ಕರೆ ಕಾಯಿಲೆಯನ್ನೂ ಹೇಳಿದೆ. ಎರಡು ತಿಂಗಳಿಂದ ನಾನು ಕೊಟ್ಟ ಅಂಕಗಳಲ್ಲಿ ಒಂದನ್ನೂ ನಂಬಬೇಡಿ, ಈಗ ಇವರ ಮಾತು ಕೇಳಿ ಎಂದು ಕೂತೆ. ಮ್ಯಾನೇಜರ್ ನನ್ನ ಕಡೆ ನೋಡಲೇ ಇಲ್ಲ. ಇಂಥ ಮುಜುಗರದ ಹೊತ್ತಿನಲ್ಲಿ ಫೋನು ನೋಡುವ ವಿದ್ಯೆ ಅವರಿಗೆ ಚೆನ್ನಾಗಿ ಸಿದ್ಧಿಸಿದೆ.

ಕೆಂಪು ದೀಪದ ಕೆಳಗೆ ಎರಡು ತಟ್ಟೆ ಹೋದವು. ಒಂದರಲ್ಲಿ ನನ್ನ ಮೂವತ್ತೊಂದು. ಇನ್ನೊಂದರಲ್ಲಿ ನಾನು ಸಪ್ಪೆ ಎಂದು ಎಂದೋ ಮೂಲೆಗೆ ತಳ್ಳಿದ್ದ ಇಪ್ಪತ್ತನಾಲ್ಕು. ಎಂಟು ಚೀಟಿ ಬಂದವು. ಎಂಟರಲ್ಲೂ ಮೂವತ್ತೊಂದಕ್ಕೆ 'ಉಪ್ಪು ಬಹಳ ಜಾಸ್ತಿ'.

"ಆದ್ರೆ ನನಗೇನೂ ಅನ್ನಿಸ್ಲಿಲ್ವಲ್ಲ," ಎಂದ ಬಿಳಿ ಶೂನವನು. ಅವನ ಮುಂದಿದ್ದ ಮೂವತ್ತೊಂದರ ತಟ್ಟೆ ಖಾಲಿಯಾಗಿತ್ತು.

ಒಕ್ಕಲು ಮನೆಯವರು ಗೂಡಿನಿಂದ ಹೊರಗೆ ಬಂದು ನನ್ನನ್ನು ನೋಡಿ ಹೇಳಿದರು: "ನಿಮ್ಗೆ ಅನ್ಸಕಿಲ್ಲ ಸಾ, ಅವ್ರಿಗೂ ಅನ್ಸಕಿಲ್ಲ. ದಿನಾ ತಿಂದು ತಿಂದು ನಾಲ್ಗೆ ಮರಗಟ್ಟೋಗದೆ. ಒಂದು ತಿಂಗ್ಳಿಂದ ಚೀಟೀಲಿ ಬರ್ದು ಕೊಟ್ಟಿದೀವಿ. ಓದುದ್ರಲ್ವಾ ನೀವು?"

ಓದಿದ್ದೆ. ಓದಿ ಅವರ ತರಬೇತಿ ಸಾಲದು ಎಂದು ಬರೆದಿದ್ದೆ. ಯಾವ ನಾಲಿಗೆಯನ್ನು ಉಳಿಸಿಕೊಳ್ಳಲು ಕಣ್ಣನ್ನು ಒತ್ತೆಯಿಟ್ಟಿದ್ದೆನೋ ಅದು ಆಗಲೇ ಸತ್ತಿತ್ತು. ನನಗೊಬ್ಬನಿಗೆ ಸಾವಿನ ಸುದ್ದಿ ತಲುಪಿರಲಿಲ್ಲ. ಆ ಕೋಣೆಯಲ್ಲಿ ಅಳು ಬಂತು, ಅದನ್ನು ಕೆಮ್ಮು ಎಂದು ತೋರಿಸಿಕೊಂಡೆ.

ಇಪ್ಪತ್ತನಾಲ್ಕು ಆಯ್ಕೆಯಾಯಿತು. ಅದರಲ್ಲಿ ಉಪ್ಪು ಕಮ್ಮಿ, ಆದರೆ ಅದೂ ಕೈಯನ್ನು ಸುಮ್ಮನೆ ಬಿಡುವ ತಿಂಡಿಯಲ್ಲ. ಅದನ್ನು ಕೂಡಿಸಿದವನೂ ನಾನೇ. ಈಗ ಕೊಡಿಗೇಹಳ್ಳಿಯ ಬೇಕರಿಯಿಂದ ಹಿಡಿದು ಚಿಕ್ಕಬಾಣಾವರದ ಸ್ಟೇಷನ್ ಮುಂದಿನ ಗೂಡಂಗಡಿಯವರೆಗೆ ಅದರ ಕೆಂಪು ಸರಗಳು ನೇತಾಡುತ್ತವೆ. 'ಮಿತವಾಗಿ ತಿನ್ನಿ' ಎಂದು ಹಿಂಬದಿಯಲ್ಲಿ ಸಣ್ಣಕ್ಷರದಲ್ಲಿದೆ. ಹೇಳುವುದು ಶಾಸ್ತ್ರ, ಇಕ್ಕುವುದು ಗಾಳ. ಆ ಸಾಲನ್ನು ಬರೆದವನ ಮೇಲೆ ನನಗಿರುವ ತಿರಸ್ಕಾರದಲ್ಲಿ ನನಗೂ ಸಮಪಾಲಿದೆ.

ನನ್ನನ್ನು ಗೋಡೌನಿಗೆ ಹಾಕಿದರು. ಮೆಣಸಿನಪುಡಿ, ಟೊಮ್ಯಾಟೊ ಪುಡಿಯ ಮೂಟೆಗಳ ತೇವಾಂಶ, ಬಣ್ಣ, ಜರಡಿ ನೋಡುವ ಕೆಲಸ. ಬಾಯಿಗೆ ಕೆಲಸವಿಲ್ಲ. ರುಚಿ ಕೋಣೆಗೆ ಒಕ್ಕಲು ಮನೆಯವರೇ ಈಗ ಮುಂದಾಳು. ಬೀಗ ಲ್ಯಾಬಿನ ಮೇಡಂ ಹತ್ತಿರ. ನಾನೇ ಅವರಿಗೆ ಹೇಳಿದ್ದೆ, ಏನೇ ಆಗಲಿ ನನ್ನನ್ನು ಒಳಗೆ ಬಿಡಬೇಡಿ ಎಂದು.

ಆಸೆ ಹೋಯಿತೇ ಎಂದು ಕೇಳುವವರಿಗೆ ಹೇಳುತ್ತೇನೆ, ಹೋಗಲಿಲ್ಲ. ಬೆಳಿಗ್ಗೆ ಹನ್ನೊಂದಕ್ಕೆ ಸರಿಯಾಗಿ ಬರುತ್ತದೆ. ದವಡೆಯ ಮೂಲೆಯಲ್ಲಿ ನೀರೂರುತ್ತದೆ, ಬೇರೆ ಯಾವ ಯೋಚನೆಯೂ ನಿಲ್ಲುವುದಿಲ್ಲ. ಸೋಂಪು ಅಗಿಯಿರಿ, ದೀರ್ಘ ಉಸಿರೆಳೆಯಿರಿ, ಮನಸ್ಸು ಗಟ್ಟಿ ಮಾಡಿ ಎಂದು ಉಪದೇಶಿಸುವವರು ಒಂದು ಹತ್ತು ದಿನ ನನ್ನ ಬಾಯಿ ಎರವಲು ಪಡೆದು ನೋಡಲಿ. ನಾನು ಕಂಡುಕೊಂಡದ್ದು ಎರಡೇ. ಹತ್ತೂವರೆಗೆ ಮುದ್ದೆ ಸೊಪ್ಪಿನಸಾರು ಹೊಟ್ಟೆ ತುಂಬ ಉಣ್ಣುವುದು. ಹನ್ನೊಂದಾದಾಗ ಗೇಟಿನ ಹತ್ತಿರ ಲಾರಿ ತೂಗುವ ಕಡೆ ಹೋಗಿ ನಿಲ್ಲುವುದು. ಇಪ್ಪತ್ತು ನಿಮಿಷದಲ್ಲಿ ಅದು ತಗ್ಗುತ್ತದೆ. ಮನೆಗೆ ಹಳೇ ದಾರಿ ಬಿಟ್ಟು ಸುತ್ತಿ ಹೋಗುತ್ತೇನೆ. ಅಲ್ಲೂ ಅಂಗಡಿಗಳಿವೆ, ಆದರೆ ಕಾರು ನಿಲ್ಲಿಸಲು ಜಾಗವಿಲ್ಲ.

ಒಂದು ದಿನ ಲಾರಿ ಬರಲಿಲ್ಲ. ಹನ್ನೊಂದಕ್ಕೆ ನನ್ನ ಕಾಲು ರುಚಿ ಕೋಣೆಯ ಮುಂದೆ ನಿಂತಿತ್ತು. ಬಾಗಿಲು ತಟ್ಟಿ, ಹಳೇ ಮುಖ್ಯಸ್ಥನ ದನಿ ತೆಗೆದು, ಹೊಸ ಮೆಣಸಿನಪುಡಿಯ ಬಣ್ಣ ಬಳೆಯ ಮೇಲೆ ಹೇಗೆ ಕೂತಿದೆ ನೋಡಬೇಕು, ಒಂದು ತಟ್ಟೆ ಕೊಡಿ ಎಂದೆ.

"ಇಲ್ಲ ಸಾರ್," ಎಂದರು ಮೇಡಂ ಒಳಗಿನಿಂದ.

"ಒಂದೇ ಒಂದು ಬಳೆ. ನೋಡಕ್ಕಷ್ಟೇ."

"ಇಲ್ಲ ಸಾರ್."

ನಾನು ಅವರಿಗೆ ಒಂದು ಮಾತು ಅಂದೆ. ಅವರ ಜಾತಿಯನ್ನೋ, ಮನೆಯ ಹಿರಿಯರನ್ನೋ ಎಳೆಯದಿದ್ದರೂ ಯಾವ ಹೆಂಗಸಿಗೂ ಅನ್ನಬಾರದ ಮಾತು. ಇಲ್ಲಿ ಬರೆಯಲಾರೆ. ಬಾಗಿಲು ತೆರೆಯಲಿಲ್ಲ. ಒಳಗಿನಿಂದ ಅದೇ ದನಿ, ಅದೇ ಎರಡು ಪದ. ನಾನು ಗೋಡೌನಿಗೆ ಬಂದು ಮೂಟೆಗಳ ನಡುವೆ ಕೂತೆ. ಮಾರನೆಯ ದಿನ ಕ್ಷಮೆ ಕೇಳಲು ಹೋದರೆ, "ನಿನ್ನೆ ಮಾತಾಡಿದ್ದು ನೀವಲ್ಲ ಬಿಡಿ ಸಾರ್," ಎಂದರು. ನಾನೇ ಮಾತಾಡಿದ್ದು ಎಂದು ನನಗೆ ಗೊತ್ತಿದೆ.

ಗಡುವು ಮುಗಿದು ಆರು ವಾರ ತಡವಾಗಿ ಕಣ್ಣಿನ ಆಸ್ಪತ್ರೆಗೆ ಹೋದೆ. ಅಷ್ಟು ದಿನ ಭಯ. ಡಾಕ್ಟರಮ್ಮ ರಕ್ತದ ವರದಿ ನೋಡಿದರು, ಬೆಳಕು ಹಾಯಿಸಿ ಬಹಳ ಹೊತ್ತು ನೋಡಿದರು. ಒಸರುವುದು ನಿಂತಿದೆ, ಇದ್ದಷ್ಟು ದೃಷ್ಟಿ ಉಳಿಯುತ್ತದೆ ಎಂದರು. ಅವರ ಮುಖ ಅರಳಿತ್ತು.

"ಇಷ್ಟು ಕಂಟ್ರೋಲ್ ಎಲ್ಲರಿಗೂ ಬರಲ್ಲ. ನಿಮ್ಮ ವಿಲ್ ಪವರ್ ಮೆಚ್ಚಬೇಕು."

ಔಷಧಿ ಬಿಟ್ಟ ಕಣ್ಣಿಗೆ ಎದುರಿಗಿದ್ದವರ ಮುಖ ಮಸುಕಾಗಿ ಕಾಣುತ್ತಿತ್ತು.

"ನಂದೇನೂ ಇಲ್ಲ ಡಾಕ್ಟ್ರೇ," ಎಂದೆ. "ನಾನು ಬಾಗಿಲು ತಟ್ಟಿದೆ. ಅವರು ತೆಗೀಲಿಲ್ಲ."